ಓದುಗರ ಪ್ರಶ್ನೆ: ಟಿಪ್ಪುವಿನ ಡೇರೆ ಮತ್ತು ಪೋವಿಸ್ ಕೋಟೆಯ ಹರ್ಬರ್ಟ್ ಮನೆತನ

ಪ್ರಶ್ನೆ: ನಮ್ಮ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಮಗ ಟಿಪ್ಪು ಸುಲ್ತಾನನ ಡೇರೆಯೊಂದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕೋಟೆಯಲ್ಲಿದೆಯಂತೆ. ಪ್ಲಾಸಿ ಯುದ್ಧದ ರಾಬರ್ಟ್ ಕ್ಲೈವನೇ ಅದನ್ನು ಕೊಳ್ಳೆ ಹೊಡೆದು ತನ್ನ ಕೋಟೆಗೆ ಸಾಗಿಸಿದನೆಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಇದು ನಿಜವೆ?
– ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ವೇಲ್ಸಿನ ಪೋವಿಸ್ ಕೋಟೆಯಲ್ಲಿ ಡೇರೆ ಇರುವುದು ನಿಜ. ಮೇಷ್ಟ್ರು ಹೇಳಿದ ಮನೆತನವೂ ಸರಿ, ಆದರೆ ತಲೆಮಾರು ತಪ್ಪು. ರಾಬರ್ಟ್ ಕ್ಲೈವ್ ತೀರಿಕೊಂಡದ್ದು 1774ರಲ್ಲಿ. ಶ್ರೀರಂಗಪಟ್ಟಣ ಬಿದ್ದದ್ದು 1799ರ ಮೇ 4ರಂದು. ಆ ಹೊತ್ತಿಗೆ ಮದರಾಸಿನ ಗವರ್ನರ್ ಆಗಿದ್ದವನು ರಾಬರ್ಟನ ಹಿರಿಯ ಮಗ ಎಡ್ವರ್ಡ್ ಕ್ಲೈವ್. ಅವನು ಯುದ್ಧಭೂಮಿಗೆ ಇಳಿದವನಲ್ಲ, ಸೇನೆಯನ್ನು ನಡೆಸಿದವನು ಜನರಲ್ ಹ್ಯಾರಿಸ್. ಆದರೆ ಗೆದ್ದ ಸರ್ಕಾರದ ದೊಡ್ಡ ಅಧಿಕಾರಿಯ ಮನೆಗೆ ಕೊಳ್ಳೆಯ ಪಾಲು ತಾನಾಗಿಯೇ ನಡೆದು ಬರುತ್ತಿದ್ದ ಕಾಲವದು. ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿದಾಗ, ಅದರ ಕಟಕಟೆಯನ್ನು ಅಲಂಕರಿಸಿದ್ದ, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಕೂರಿಸಿದ ಚಿನ್ನದ ಪುಟ್ಟ ಹುಲಿತಲೆಗಳಲ್ಲಿ ಒಂದು ಎಡ್ವರ್ಡನ ಪತ್ನಿ ಹೆನ್ರಿಯೆಟ್ಟಾಳ ಕೈ ಸೇರಿತು. ಅದು ಇಂದಿಗೂ ಡೇರೆಯೊಂದಿಗೆ ಅದೇ ಕೋಟೆಯಲ್ಲಿದೆ.

ಡೇರೆಯ ಬಗ್ಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು. ಅದು ಹತ್ತಿಯ ಚೀಟಿ ಬಟ್ಟೆಯದು. ಬಿಳಿಯ ನೆಲದ ಮೇಲೆ ಸಾಲು ಕಮಾನುಗಳು, ಒಂದೊಂದು ಕಮಾನಿನೊಳಗೂ ಹೂದಾನಿ, ಅದರಿಂದ ಎರಡೂ ಬದಿಗೆ ಸಮನಾಗಿ ಚಾಚಿದ ಕೆಂಪು ಹೂವಿನ ಗಿಡ. ಬಟ್ಟೆಯನ್ನು ಪರೀಕ್ಷಿಸಿದ ತಜ್ಞರು ಅದನ್ನು 18ನೇ ಶತಮಾನದ ಮೊದಲ ಅರ್ಧದ್ದೆಂದು ಗುರುತಿಸಿದ್ದಾರೆ. ಅಂದರೆ ಅದು ಟಿಪ್ಪುವಿನ ವಯಸ್ಸಿಗಿಂತ ಹಳೆಯದು. ಇಂಥ ವಸ್ತುವನ್ನು ಪೋವಿಸ್‌ನ ಒಡೆಯರು ತಮ್ಮ ತೋಟದ ಔತಣಕೂಟಗಳಿಗೆ ಶಾಮಿಯಾನವಾಗಿ ಬಳಸುತ್ತಿದ್ದರು ಎಂಬುದನ್ನು ಓದಿದಾಗ ಬೇಸರವಾಗದೆ ಇರದು.

ಕೋಟೆ ಮಾತ್ರ ಕ್ಲೈವರದಲ್ಲ. 1799ರಲ್ಲಿ ಅದು ಹೆನ್ರಿಯೆಟ್ಟಾಳ ತವರಾದ ಹರ್ಬರ್ಟ್ ಮನೆತನದ ಕೈಯಲ್ಲಿ, ಅವಳ ಅಣ್ಣನ ಒಡೆತನದಲ್ಲಿತ್ತು.

ಪ್ರಶ್ನೆ: ಚಿಕ್ಕಬಳ್ಳಾಪುರದ ಆವತಿ ವಂಶದ ಪಾಳೆಯಗಾರರ ಆಳ್ವಿಕೆ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಮುಗಿಯಿತು. ಪೋವಿಸ್ ಕೋಟೆ ಮಾತ್ರ 1587ರಿಂದ ಒಂದೇ ಮನೆತನದಲ್ಲಿ ಉಳಿಯಿತೆಂದು ಓದಿದ್ದೇನೆ. ಅದು ಹೇಗೆ ಸಾಧ್ಯವಾಯಿತು?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಒಂದೇ ಮನೆತನವೆಂದು ಹೇಳುವುದು ಅರ್ಧ ಸತ್ಯ. ವೆಲ್ಶ್‌ಪೂಲ್ ಪಟ್ಟಣದ ಬಳಿ ಗುಡ್ಡದ ನೆತ್ತಿಯಲ್ಲಿರುವ ಈ ಕೆಂಗಲ್ಲಿನ ಕೋಟೆಯನ್ನು 13ನೇ ಶತಮಾನದಲ್ಲಿ ಕಟ್ಟಿಸಿದವನು ಗ್ರಿಫಿದ್ ಆಪ್ ಗ್ವೆನ್‌ವಿನ್‌ವಿನ್ ಎಂಬ ವೇಲ್ಸಿನ ಅರಸು. 1587ರಲ್ಲಿ ಅದನ್ನು ಕೊಂಡವನು ಪೆಂಬ್ರೋಕ್ ಅರ್ಲ್‌ನ (ಅರ್ಲ್ ಎಂಬುದು ಬ್ರಿಟನ್ನಿನ ವಂಶಪಾರಂಪರ್ಯ ಪದವಿ) ಎರಡನೆಯ ಮಗ ಸರ್ ಎಡ್ವರ್ಡ್ ಹರ್ಬರ್ಟ್. ಅಲ್ಲಿಂದ ಮುಂದೆ ಈ ಮನೆತನ ಪದೇ ಪದೇ ಎಡವಿದೆ. ಇಂಗ್ಲೆಂಡಿನ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ರಾಜನ ಪಕ್ಷ ಹಿಡಿದದ್ದರಿಂದ 1644ರಲ್ಲಿ ಕೋಟೆ ಪಾರ್ಲಿಮೆಂಟಿನ ಪಡೆಯ ವಶವಾಯಿತು. 1688ರಲ್ಲಿ ಕ್ಯಾಥೊಲಿಕ್ ದೊರೆ ಎರಡನೆಯ ಜೇಮ್ಸ್ ಪದಚ್ಯುತನಾದಾಗ, ಅದೇ ಮತದ ಹರ್ಬರ್ಟ್ ಒಡೆಯ, ಅರ್ಲ್‌ಗಿಂತ ಮೇಲಿನ ಪದವಿಯ ಪೋವಿಸ್ ಮಾರ್ಕ್ವಿಸ್, ದೊರೆಯೊಂದಿಗೆ ಫ್ರಾನ್ಸಿಗೆ ಹೋದನು ಮತ್ತು ಅಲ್ಲಿಯೇ ಸತ್ತನು. ಜಮೀನು ಹೊಸ ದೊರೆ ವಿಲಿಯಂನ ಡಚ್ ಬಂಧುವಿಗೆ ಹೋಯಿತು. 1722ರವರೆಗೆ ಹರ್ಬರ್ಟರಿಗೆ ಅದು ಮರಳಿ ಪೂರ್ಣವಾಗಿ ದಕ್ಕಲಿಲ್ಲ.

1748ರಲ್ಲಿ ಮೂರನೆಯ ಮಾರ್ಕ್ವಿಸ್ ಮದುವೆಯಾಗದೆ ತೀರಿಕೊಂಡಾಗ ಗಂಡು ಸಂತತಿ ಅಲ್ಲಿಗೆ ನಿಂತಿತು. ಆಸ್ತಿ ಹೆನ್ರಿ ಆರ್ಥರ್ ಹರ್ಬರ್ಟ್ ಎಂಬ ದೂರದ ದಾಯಾದಿಯ ಪಾಲಾಯಿತು. ಅವನು ಸತ್ತವನ ತಮ್ಮನ ಮಗಳು ಬಾರ್ಬರಾಳನ್ನು 1751ರಲ್ಲಿ ಮದುವೆಯಾಗಿ ತನ್ನ ಹಕ್ಕನ್ನು ಭದ್ರಪಡಿಸಿಕೊಂಡನು. ಹಕ್ಕು ಭದ್ರವಾಯಿತೇ ಹೊರತು ಹಣಕಾಸು ಭದ್ರವಾಗಲಿಲ್ಲ. ಸಾಲ ತೀರಿಸಲು ಓಕ್ಲಿ ಪಾರ್ಕ್ ಎಂಬ ತನ್ನ ಎಸ್ಟೇಟನ್ನು ಅವನು ಮಾರಬೇಕಾಯಿತು. ಕೊಂಡವನು ಬೇರೆ ಯಾರೂ ಅಲ್ಲ, ಬಂಗಾಳದ ಹಣದಿಂದ ಆ ಸೀಮೆಯಲ್ಲೆಲ್ಲ ಜಮೀನು ಖರೀದಿಸುತ್ತಿದ್ದ ರಾಬರ್ಟ್ ಕ್ಲೈವ್. ಮುಂದೆ 1784ರಲ್ಲಿ, ಅಪ್ಪಂದಿರಿಬ್ಬರೂ ತೀರಿಕೊಂಡ ಮೇಲೆ, ಹರ್ಬರ್ಟರ ಮಗಳು ಹೆನ್ರಿಯೆಟ್ಟಾ ಕ್ಲೈವನ ಮಗ ಎಡ್ವರ್ಡನ ಕೈಹಿಡಿದಳು. ಒಂದು ಕಡೆ ಹಳೆಯ ಹೆಸರು ಮತ್ತು ಸಾಲ, ಇನ್ನೊಂದು ಕಡೆ ಹೊಸ ಹಣ. ನಮ್ಮ ಸೀಮೆಯ ಹಿರಿಯರಿಗೆ ಈ ಲೆಕ್ಕಾಚಾರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆನ್ರಿಯೆಟ್ಟಾಳ ಅಣ್ಣ 1801ರಲ್ಲಿ ಅವಿವಾಹಿತನಾಗಿಯೇ ಸತ್ತನು. ಆಸ್ತಿಯು ಅವಳ ಮಗನಿಗೆ ಸಲ್ಲಬೇಕು, ಆದರೆ ಅವನು ಕ್ಲೈವ್ ಎಂಬ ಹೆಸರನ್ನು ಬಿಟ್ಟು ಹರ್ಬರ್ಟ್ ಎಂದು ಕರೆಸಿಕೊಳ್ಳಬೇಕು ಎಂಬುದು ಷರತ್ತು. 1807ರಲ್ಲಿ ಮಗ ಹಾಗೆಯೇ ಮಾಡಿದನು. ತಂದೆ ಎಡ್ವರ್ಡ್ ಕ್ಲೈವನಿಗೆ 1804ರಲ್ಲಿಯೇ ಪೋವಿಸ್ ಅರ್ಲ್ ಪದವಿ ಹೊಸದಾಗಿ ದೊರೆತಿತ್ತು. ಹೀಗೆ ಹೊರಗಿನಿಂದ ನೋಡುವವರಿಗೆ ವಂಶ ಮುರಿಯಲೇ ಇಲ್ಲ. ಒಳಗೆ ಗಂಡುಸಂತತಿಯ ರಕ್ತ ಕ್ಲೈವನದು, ಹೆಸರು ಹರ್ಬರ್ಟರದು. ಪಾಳುಬಿದ್ದಿದ್ದ ಕೋಟೆಯನ್ನು ಬ್ರಿಟಿಷ್ ಮ್ಯೂಸಿಯಂನ ವಾಸ್ತುಶಿಲ್ಪಿ ರಾಬರ್ಟ್ ಸ್ಮರ್ಕ್‌ನಿಂದ ದುರಸ್ತಿ ಮಾಡಿಸಲು ಬಲ ಬಂದದ್ದು ಕ್ಲೈವರ ಸಂಪತ್ತಿನಿಂದ. 1870ರ ದಶಕದ ಸರ್ಕಾರಿ ಭೂದಾಖಲೆಯಲ್ಲಿ ಪೋವಿಸ್ ಅರ್ಲ್‌ನ ಹೆಸರಿನಲ್ಲಿ ಸುಮಾರು 60,000 ಎಕರೆ ಇತ್ತು.

ಪ್ರಶ್ನೆ: ಹೆನ್ರಿಯೆಟ್ಟಾ ಮೈಸೂರು ಸೀಮೆಗೆ ಬಂದಿದ್ದಳೆ?
– ಓದುಗರೊಬ್ಬರು, ತುಮಕೂರು

ಉತ್ತರ: ಬಂದಿದ್ದಳು. ಯುದ್ಧ ಮುಗಿದ ಮರುವರ್ಷ, 1800ರಲ್ಲಿ, ಗಂಡನನ್ನು ಮದರಾಸಿನಲ್ಲಿಯೇ ಬಿಟ್ಟು, ಹೆಣ್ಣುಮಕ್ಕಳಿಬ್ಬರನ್ನೂ ಅನ್ನಾ ಟೊನೆಲ್ಲಿ ಎಂಬ ಇಟಾಲಿಯನ್ ಚಿತ್ರಕಾರ್ತಿಯನ್ನೂ ಕರೆದುಕೊಂಡು, ಆನೆ, ಎತ್ತಿನ ಬಂಡಿ, ಪಲ್ಲಕ್ಕಿಗಳ ದೊಡ್ಡ ಪರಿವಾರದೊಂದಿಗೆ ಬೆಂಗಳೂರು, ಶ್ರೀರಂಗಪಟ್ಟಣ, ಕೊಯಮತ್ತೂರು, ತಂಜಾವೂರುಗಳನ್ನು ಸುತ್ತಿ ಸಾವಿರ ಮೈಲಿಗೂ ಹೆಚ್ಚು ದೂರ ಪಯಣಿಸಿದಳು. ಗಿಡ, ಕಲ್ಲು, ಚಿಪ್ಪುಗಳನ್ನು ಸಂಗ್ರಹಿಸುವುದು ಅವಳ ಹವ್ಯಾಸವಾಗಿತ್ತು. ಕಿರಿಯ ಮಗಳು ಷಾರ್ಲೆಟ್ ಆಗ ಇಟ್ಟ ದಿನಚರಿ ಉಳಿದು ಬಂದಿದೆ. ಇದೇ ಷಾರ್ಲೆಟ್ ಮುಂದೆ ನಾರ್ಥಂಬರ್ಲ್ಯಾಂಡಿನ ಡಚೆಸ್ ಆಗಿ, ಬಾಲೆ ವಿಕ್ಟೋರಿಯಾಳ ಶಿಕ್ಷಣದ ಹೊಣೆ ಹೊತ್ತಳು. ಬೆಂಗಳೂರಿನ ನರ್ಸರಿಗಳಲ್ಲಿ ಸಿಗುವ ಕಿತ್ತಳೆ ಬಣ್ಣದ ಕ್ಲೈವಿಯಾ ಹೂವಿಗೆ ಹೆಸರು ಬಂದದ್ದು ಅವಳಿಂದ, ತಾತನಿಂದಲ್ಲ.

ಪ್ರಶ್ನೆ: ಈಗ ಕೋಟೆ ಯಾರ ಕೈಯಲ್ಲಿದೆ? ನಾವು ನೋಡಬಹುದೆ?
– ಓದುಗರೊಬ್ಬರು, ಕೋಲಾರ

ಉತ್ತರ: ನಾಲ್ಕನೆಯ ಅರ್ಲ್ ಜಾರ್ಜ್ ಹರ್ಬರ್ಟನ ಇಬ್ಬರು ಗಂಡುಮಕ್ಕಳಲ್ಲಿ ಹಿರಿಯನು 1916ರಲ್ಲಿ ಮೊದಲ ಮಹಾಯುದ್ಧದ ಸೊಮ್ ಕದನದ ಗಾಯಗಳಿಂದ, ಕಿರಿಯನು 1943ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ತೋಟವನ್ನು ಇಂದಿನ ಸ್ಥಿತಿಗೆ ತಂದ ಅರ್ಲ್‌ನ ಪತ್ನಿ ವಯೊಲೆಟ್ 1929ರಲ್ಲಿ ಕಾರು ಅಪಘಾತದ ಬಳಿಕ ಸತ್ತಳು. 1952ರಲ್ಲಿ ತೀರಿಕೊಂಡ ಅರ್ಲ್ ಕೋಟೆಯನ್ನೂ ತೋಟವನ್ನೂ ಹಳೆಯ ಕಟ್ಟಡ, ತೋಟಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಬರೆದಿಟ್ಟನು. ಅರ್ಲ್ ಪದವಿ ಬಂಧುಗಳಲ್ಲಿ ಮುಂದುವರಿದಿದೆ. 1987ರಲ್ಲಿ ತೆರೆದ ಕ್ಲೈವ್ ಮ್ಯೂಸಿಯಂನಲ್ಲಿ ಭಾರತದ ಮತ್ತು ಪೂರ್ವ ದೇಶಗಳ 300ಕ್ಕೂ ಹೆಚ್ಚು ವಸ್ತುಗಳಿದ್ದು, ಟಿಕೆಟ್ ಕೊಂಡ ಯಾರಾದರೂ ನೋಡಬಹುದು. ಮೊಗಸಾಲೆಯನ್ನು ದಾಟಿ ನೇರ ಮ್ಯೂಸಿಯಂಗೆ ಹೋಗುವವರು ಹಿಂದಿರುಗುವಾಗಲಾದರೂ 17ನೇ ಶತಮಾನದ ಕೊನೆಯಲ್ಲಿ ಗುಡ್ಡ ಕಡಿದು ಮಾಡಿದ ಮೆಟ್ಟಿಲು ತೋಟವನ್ನು ನೋಡಿ ಬರಬೇಕು. ಅಂಥ ತೋಟಗಳನ್ನು ಮುಂದಿನ ಶತಮಾನದ ಫ್ಯಾಷನ್ ಬ್ರಿಟನ್ನಿನ ಬಹುಪಾಲು ಎಸ್ಟೇಟುಗಳಲ್ಲಿ ಅಗೆದು ಹಾಕಿತು. ಇಲ್ಲಿ ಅದು ಉಳಿಯಲು ಒಡೆಯರ ಸಾಲವೂ ಅಸಡ್ಡೆಯೂ ಕಾರಣವಾಗಿದ್ದಿರಬೇಕೆಂದು ನನ್ನ ಅನಿಸಿಕೆ.