ಕೆಜಿಎಫ್‌ನಿಂದ ಬೆಂಗಳೂರಿಗೆ ಬಂದು ನೆಲೆಸಿದ ಹಳಬರು ಆ ಊರಿನ ಬಗ್ಗೆ ಏನನ್ನು ನೆನೆಯುತ್ತಾರೆ?

ಚಿನ್ನದ ಮಾತು ಕಮ್ಮಿ. ನಮ್ಮ ಪಕ್ಕದ ಮನೆಯ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು. ಅವರು ಮೊದಲು ಎತ್ತುವುದು ಪಾಳಿಯ ಸೈರನ್ ವಿಷಯ. ಅದು ಕೂಗಿದರೆ ಬೀದಿಯವರೆಲ್ಲ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಆಮೇಲೆ ರಾಕ್‌ಬರ್ಸ್ಟ್, ಅಂದರೆ ಒತ್ತಡಕ್ಕೆ ಗಣಿಯೊಳಗಿನ ಬಂಡೆ ತಾನಾಗೇ ಸಿಡಿಯುವುದು. ಆ ಗಣಿ ಮೂರು ಕಿಲೋಮೀಟರಿಗೂ ಆಳ. ಕೆಳಗೆ ಬಂಡೆ ಸಿಡಿದರೆ ಮೇಲೆ ಕಾರ್ಮಿಕರ ಲೈನ್ ಮನೆಗಳ ಪಾತ್ರೆಗಳು ನಡುಗುತ್ತಿದ್ದವು, ಹೆಂಗಸರು ಒಲೆ ಬಿಟ್ಟು ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡುತ್ತಿದ್ದರು. ಇದನ್ನು ಹೇಳುವಾಗ ಅವರ ದನಿ ಇಳಿಯುತ್ತದೆ.

ಕರೆಂಟಿನ ಜಂಬವೂ ಇದೆ, ಅದು ನ್ಯಾಯವೇ: ಶಿವನಸಮುದ್ರದ ವಿದ್ಯುತ್ 1902ರಲ್ಲಿ ಗಣಿಗೆ ಬಂತು, ಬೆಂಗಳೂರಿಗೆ 1905ರಲ್ಲಿ.

ಮನೆ, ಆಸ್ಪತ್ರೆ ಎಲ್ಲ ಗಣಿ ಕಂಪನಿಯದೇ ಆಗಿತ್ತು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ ರೈಲೇ ಗತಿಯಾಯಿತು. ಇವತ್ತಿಗೂ ಎಷ್ಟೋ ಜನ ನಸುಕಿನಲ್ಲೇ ಅದನ್ನು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರುತ್ತಾರೆ.