ಶೋರೂಮಿನವರು ಒಂದೇ ಶುಲ್ಕ ಎರಡು ಸಲ ತೆಗೆದುಕೊಂಡರೆ ವಾಪಸ್ ಪಡೆಯುವುದು ಹೇಗೆ?

ನೀವು ಅಂಕೋಲೆಯಿಂದ ಕೇಳಿದ್ದು ಇಷ್ಟು. ಹುಬ್ಬಳ್ಳಿಯ ಶೋರೂಮಿನಲ್ಲಿ 8 ಲಕ್ಷದ ಕಾರು ಕೊಂಡಿರಿ. ಬುಕಿಂಗ್ ದಿನವೇ ರಿಜಿಸ್ಟ್ರೇಷನ್, ನಂಬರ್ ಪ್ಲೇಟ್, ಫಾಸ್ಟ್ಯಾಗ್ ಅಂತ 11,500 ರೂ. ಯುಪಿಐ ಮಾಡಿಸಿಕೊಂಡರು. ಸಾಲ ಮಂಜೂರಾಗಿ ಕಾರು ಕೈಗೆ ಬಂದಾಗ ಕೊಟ್ಟ ಬಿಲ್ಲಿನಲ್ಲಿ ಅದೇ ಸಾಲುಗಳು ಮತ್ತೆ ಇವೆ, ಆ ದುಡ್ಡೂ ಹೋಗಿದೆ. ಫೋನ್ ಮಾಡಿದರೆ "ಅಡ್ಜಸ್ಟ್ ಆಗ್ತದ್ರೀ ಸರ" ಅನ್ನುತ್ತಾರೆ. ಬಿಟ್ಟುಬಿಡುವುದೋ, ಬೆನ್ನು ಹತ್ತುವುದೋ?

ಬಿಡಬೇಡಿ. ಇದು ವಾಪಸ್ ಬರುವ ದುಡ್ಡು. ಫೋನಿನಲ್ಲಿ ಎಷ್ಟು ಮಾತಾಡಿದರೂ ಬರುವುದಿಲ್ಲ, ಅಷ್ಟೇ. ಕಾಗದ ಹಿಡಿದು ಕೇಳಬೇಕು.

ನಾನು ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ವಾಹನ ಸಾಲದ ಟೇಬಲ್ ನೋಡಿಕೊಳ್ಳುತ್ತೇನೆ. ಅಡಿಕೆ ದುಡ್ಡು ಕೈಗೆ ಬರುವ ಹೊತ್ತಿಗೆ ಕಾರಿನ ಕೊಟೇಶನ್‌ಗಳು ರಾಶಿ ಬೀಳುತ್ತವೆ. ಒಂದೇ ಶುಲ್ಕ ಎರಡು ಕಡೆ ಸೇರಿಕೊಂಡಿರುವುದನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲವೂ ಬೇಕಂತಲೇ ಮಾಡಿದ್ದು ಅನ್ನಲಾರೆ. ಆದರೆ ಗಿರಾಕಿ ಕೇಳದೆ ತಾವಾಗಿ ವಾಪಸ್ ಕೊಟ್ಟ ಶೋರೂಮನ್ನು ನಾನಂತೂ ಕಂಡಿಲ್ಲ.

ಇದು ಆಗುವುದು ಹೀಗೆ. ಸಾಲಕ್ಕೆ ಅಂತ ಶೋರೂಮಿನವರು ಒಂದು ಕೊಟೇಶನ್ ಕೊಡುತ್ತಾರೆ. ಅದರಲ್ಲಿ ಕಾರಿನ ಬೆಲೆ, ರೋಡ್ ಟ್ಯಾಕ್ಸ್, ಇನ್ಶೂರೆನ್ಸ್, ರಿಜಿಸ್ಟ್ರೇಷನ್ ಎಲ್ಲ ಸೇರಿ ಆನ್-ರೋಡ್ ಮೊತ್ತ ಇರುತ್ತದೆ. ಸಾಲ ಕೊಡುವ ನಾವು ಆ ಮೊತ್ತವನ್ನೇ ಲೆಕ್ಕ ಹಿಡಿಯುತ್ತೇವೆ. ನಿಮ್ಮ ಪಾಲು ಮತ್ತು ಸಾಲದ ದುಡ್ಡು ಸೇರಿದರೆ ಅಲ್ಲಿಗೆ ಕಾರಿನ ಖರ್ಚೆಲ್ಲ ಚುಕ್ತಾ. ಬುಕಿಂಗ್ ದಿನ ಕೊಟ್ಟ ಸಣ್ಣ ಮೊತ್ತ ಮಾತ್ರ ಬೇರೆ ರಸೀದಿ ಪುಸ್ತಕದಲ್ಲಿ ಕೂತಿರುತ್ತದೆ. ಅದನ್ನು ಕೊನೆಯ ಬಿಲ್ಲಿನಲ್ಲಿ ಕಳೆಯಬೇಕಾದವರು ಕಳೆಯುವುದಿಲ್ಲ. ಗಿರಾಕಿ ಆ ದಿನ ಕಾರಿಗೆ ಹೂವಿನ ಹಾರ ಹಾಕಿ, ಅರಬೈಲ್ ಘಟ್ಟ ಇಳಿದು ಬೆಳಕಿರುವಾಗಲೇ ಮನೆ ಸೇರುವ ಗಡಿಬಿಡಿಯಲ್ಲಿರುತ್ತಾನೆ. ಬಿಲ್ ಓದುವ ಹೊತ್ತೇ ಅದಲ್ಲ.

ಹಾಗಾಗಿ ನೀವು ಮೊದಲು ಕೇಳಬೇಕಾದ್ದು ನಿಮ್ಮ ಹೆಸರಿನ ಲೆಡ್ಜರ್, ಅಂದರೆ ಶೋರೂಮಿನವರು ಇಟ್ಟಿರುವ ನಿಮ್ಮ ಜಮಾ-ಖರ್ಚಿನ ಲೆಕ್ಕ. ಸೇಲ್ಸ್ ಹುಡುಗನ ಹತ್ತಿರ ಕೇಳಬೇಡಿ, ಅಕೌಂಟ್ಸ್ ವಿಭಾಗದಲ್ಲಿ ಕೇಳಿ. ಹೋದ ಹಂಗಾಮಿನಲ್ಲಿ ನಮ್ಮ ಭಾವನ ಕಾರಿಗೂ ಹೀಗೇ ಆಗಿತ್ತು. ಸೇಲ್ಸಿನವರು "ಎಲ್ಲಾ ಟ್ಯಾಲಿ ಆಗೇದ್ರೀ" ಅಂತಲೇ ಹೇಳುತ್ತಿದ್ದರು. ನಾವಿಬ್ಬರೂ ಒಳಗಿನ ಕೌಂಟರಿಗೆ ಹೋಗಿ ಲೆಡ್ಜರ್ ಕೊಡಿ ಅಂದೆವು. ಅಲ್ಲಿದ್ದ ಹೆಣ್ಣುಮಗಳು ತಕರಾರಿಲ್ಲದೆ ಪ್ರಿಂಟ್ ತೆಗೆದುಕೊಟ್ಟರು. ಒಂದು ಕಡೆ ಕಾರಿನ ಬಿಲ್, ಇನ್ಶೂರೆನ್ಸ್, ಟ್ಯಾಕ್ಸ್, ಸೀಟ್ ಕವರ್. ಇನ್ನೊಂದು ಕಡೆ ನಾವು ಕೊಟ್ಟ ದುಡ್ಡು, ತಾರೀಖಿನ ಸಮೇತ. ಕೊನೆಯ ಸಾಲಿನಲ್ಲಿ 9,800 ರೂ., ಪಕ್ಕದಲ್ಲಿ 'ಸಿಆರ್' ಅನ್ನುವ ಎರಡಕ್ಷರ. ಅಂದರೆ ಅಷ್ಟು ದುಡ್ಡು ಗಿರಾಕಿಯದು, ಶೋರೂಮಿನಲ್ಲಿ ಉಳಿದಿದೆ. ಅವರದೇ ಕಂಪ್ಯೂಟರ್ ಒಪ್ಪಿಕೊಂಡಿದ್ದನ್ನು ಹೊರಗಿನ ಟೇಬಲಿನವರು ಒಪ್ಪುತ್ತಿರಲಿಲ್ಲ. ಆ ಪ್ರಿಂಟ್ ಲಗತ್ತಿಸಿ ಮ್ಯಾನೇಜರಿಗೆ ಇಮೇಲ್ ಹಾಕಿದ ಮೇಲೆ ದುಡ್ಡು ಭಾವನ ಖಾತೆಗೆ ಬಂತು.

ನಿಮ್ಮ ಲೆಡ್ಜರಿನಲ್ಲಿ ಆ ಮೊದಲ 11,500 ಕಾಣದೇ ಇದ್ದರೆ ಯುಪಿಐ ಸ್ಕ್ರೀನ್‌ಶಾಟ್ ತೆಗೆದು ದುಡ್ಡು ಯಾರ ಹೆಸರಿಗೆ ಹೋಗಿದೆ ನೋಡಿ. ಕೆಲವೊಮ್ಮೆ ಆರ್‌ಟಿಒ ಕೆಲಸ ಮಾಡಿಸುವ ಏಜೆಂಟನ ಖಾತೆಗೋ ಸೇಲ್ಸಿನವನ ಸ್ವಂತ ನಂಬರಿಗೋ ಹಾಕಿಸಿಕೊಂಡಿರುತ್ತಾರೆ. ಹಾಗಾಗಿದ್ದರೆ ಇವತ್ತೇ ಮ್ಯಾನೇಜರಿಗೆ ಬರೆದು ತಿಳಿಸಿ. ಶೋರೂಮಿನ ಟೇಬಲಿನ ಮೇಲೆ, ಶೋರೂಮಿನ ಕೆಲಸದವನು, ಶೋರೂಮಿನ ಕಾರಿಗೆ ಅಂತ ಪಡೆದ ದುಡ್ಡದು. ನಮಗೆ ಗೊತ್ತಿಲ್ಲ ಅಂತ ಅವರು ಕೈತೊಳೆದುಕೊಳ್ಳಲು ಬಿಡಬೇಡಿ.

ಎರಡನೆಯದು ಸರ್ಕಾರಕ್ಕೆ ನಿಜವಾಗಿ ಎಷ್ಟು ಕಟ್ಟಿದ್ದಾರೆ ಅನ್ನುವುದು. ಸರ್ಕಾರಕ್ಕೆ ಕಟ್ಟಿದ ಪ್ರತಿ ರೂಪಾಯಿಗೂ ಸರ್ಕಾರದ ರಸೀದಿ ಇರುತ್ತದೆ. ಶೋರೂಮಿನಲ್ಲಿ ಕೇಳಿ ಪಡೆಯಿರಿ. ಪರಿವಾಹನ್ ವೆಬ್‌ಸೈಟಿನಲ್ಲೂ ಗಾಡಿ ನಂಬರ್ ಮತ್ತು ಚಾಸಿ ನಂಬರಿನ ಕೊನೆಯ ಐದು ಅಂಕಿ ಹಾಕಿ ನೋಡಬಹುದು. ಖಾಸಗಿ ಕಾರಿನ ಹೊಸ ರಿಜಿಸ್ಟ್ರೇಷನ್ನಿಗೆ ಶುಲ್ಕ 600 ರೂ. ಸಾಲ ಇದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಸೇರಿಸಲು 1,500 ರೂ. ಸ್ಮಾರ್ಟ್ ಕಾರ್ಡಿಗೆ 200 ರೂ. ಒಟ್ಟು 2,300. ಅಂಚೆ ಖರ್ಚಿನಂಥ ಸಣ್ಣಪುಟ್ಟದ್ದು ಸೇರಿದರೂ 11,500ರ ಹತ್ತಿರಕ್ಕೂ ಬರುವುದಿಲ್ಲ, ಅಲ್ವಾ?

ರೋಡ್ ಟ್ಯಾಕ್ಸ್ ಬೇರೆ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ 14. ನಿಮ್ಮ 8 ಲಕ್ಷಕ್ಕೆ 1,12,000 ರೂ., ಆ ತೆರಿಗೆಯ ಮೇಲೆ ಶೇ 11 ಸೆಸ್ ಅಂದರೆ 12,320 ರೂ. ರಸೀದಿಯ ಅಂಕಿ ಮತ್ತು ಬಿಲ್ಲಿನ ಅಂಕಿ ಹೋಲಿಸಿ ನೋಡಿ. ಇಲ್ಲಿ ಸಾಮಾನ್ಯವಾಗಿ ಆಟ ನಡೆಯುವುದಿಲ್ಲ, ಯಾಕೆಂದರೆ ಎಲ್ಲರೂ ನೋಡುವ ಸಾಲು ಇದು. ಆಟವೆಲ್ಲ ಕೆಳಗಿನ ಸಣ್ಣ ಸಾಲುಗಳಲ್ಲಿ.

ಉದಾಹರಣೆಗೆ ನಂಬರ್ ಪ್ಲೇಟ್. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗೆ ಹೈ ಸೆಕ್ಯುರಿಟಿ ಅಂದರೆ ಎಚ್‌ಎಸ್‌ಆರ್‌ಪಿ ಪ್ಲೇಟನ್ನು ಕಂಪನಿಯೇ ಕೊಡಬೇಕು, ಅದರ ಖರ್ಚು ಗಾಡಿಯ ಬೆಲೆಯಲ್ಲೇ ಸೇರಿದೆ. ಹಾಗಿರುವಾಗ ಅದಕ್ಕೆ ಪ್ರತ್ಯೇಕವಾಗಿ ಒಂದು ಸಲ ತೆಗೆದುಕೊಂಡಿದ್ದೇ ಪ್ರಶ್ನೆ, ನಿಮ್ಮಲ್ಲಿ ಎರಡು ಸಲ ತೆಗೆದುಕೊಂಡಿದ್ದಾರೆ. ಫಾಸ್ಟ್ಯಾಗಿನ ಡೆಪಾಸಿಟ್ ಮತ್ತು ಬ್ಯಾಲೆನ್ಸ್ ನಿಮ್ಮ ದುಡ್ಡೇ. ಹಟ್ಟಿಕೇರಿ ಟೋಲ್ ದಾಟುವ ಮುಂಚೆ ಅದರಲ್ಲಿ ಎಷ್ಟಿತ್ತು ಅಂತ ಆ್ಯಪಿನಲ್ಲಿ ಕಾಣುತ್ತದೆ. ಹ್ಯಾಂಡ್ಲಿಂಗ್, ಲಾಜಿಸ್ಟಿಕ್ಸ್, ಫೈಲ್ ಚಾರ್ಜ್ ಅಂತ ಸಾಲು ಇದ್ದರೆ ಅದು ಸರ್ಕಾರದ ಶುಲ್ಕವೇ ಅಲ್ಲ. ನಮ್ಮ ಸರ್ವಿಸ್ ಅದು ಅನ್ನುವುದಾದರೆ ಜಿಎಸ್‌ಟಿ ನಂಬರ್ ಇರುವ ಬಿಲ್ ಕೊಡಿ ಅನ್ನಿ. ಬಿಲ್ ಕೊಡಿ ಅಂದ ತಕ್ಷಣ ಎಷ್ಟೋ ಚಾರ್ಜುಗಳು ಕರಗುತ್ತವೆ.

ಆದರೆ ಒಂದು ಮಾತು. ಎರಡನೇ ಸಲ ಹೋದ 11,500 ವಾಪಸ್ ಕೇಳುವುದು ಬೇರೆ, ಮೊದಲನೇ 11,500 ನ್ಯಾಯವೋ ಅನ್ನುವುದು ಬೇರೆ. ಎರಡನ್ನೂ ಒಂದೇ ಉಸಿರಿಗೆ ಹೇಳಿದರೆ ಅವರು ನ್ಯಾಯದ ಮಾತನ್ನೇ ಹಿಡಿದು ವಾದ ಬೆಳೆಸಿ ವಾಪಸಿನ ಮಾತನ್ನು ಮರೆಸುತ್ತಾರೆ. ಮೊದಲು ಒಂದೇ ಶುಲ್ಕ ಎರಡು ಸಲ ಆಗಿದ್ದನ್ನು ಮಾತ್ರ ಕೇಳಿ. ಅದಕ್ಕೆ ಅವರ ಹತ್ತಿರ ಉತ್ತರವೇ ಇಲ್ಲ. ಅದು ಇತ್ಯರ್ಥ ಆದ ಮೇಲೆ ಉಳಿದದ್ದರ ವಿವರ ಕೇಳಿ.

ಪತ್ರ ಉದ್ದ ಬೇಡ. ಸಿಟ್ಟೂ ಬೇಡ. ಇಷ್ಟು ಸಾಕು:

"ಈ ತಾರೀಖಿನಂದು ರಿಜಿಸ್ಟ್ರೇಷನ್, ನಂಬರ್ ಪ್ಲೇಟ್, ಫಾಸ್ಟ್ಯಾಗ್ ಬಾಬ್ತು 11,500 ರೂ. ಯುಪಿಐ ಮೂಲಕ ಪಾವತಿಸಿದ್ದೇನೆ. ಇದೇ ಬಾಬ್ತುಗಳನ್ನು ಇಂಥ ನಂಬರಿನ ಬಿಲ್ಲಿನಲ್ಲಿ ಮತ್ತೆ ವಸೂಲಿ ಮಾಡಿದ್ದೀರಿ. ಎರಡೂ ದಾಖಲೆ ಲಗತ್ತಿಸಿದ್ದೇನೆ. ಹೆಚ್ಚುವರಿ 11,500 ರೂ.ಗಳನ್ನು 15 ದಿನಗಳ ಒಳಗೆ ನನ್ನ ಖಾತೆಗೆ ಜಮಾ ಮಾಡಿ, ನನ್ನ ಲೆಡ್ಜರ್ ಮತ್ತು ಆರ್‌ಟಿಒ ರಸೀದಿಗಳ ಪ್ರತಿ ಕಳಿಸಬೇಕಾಗಿ ವಿನಂತಿ."

ಇದನ್ನು ಶೋರೂಮಿನ ಮ್ಯಾನೇಜರಿಗೆ ಇಮೇಲ್ ಮಾಡಿ, ಕಾರು ಕಂಪನಿಯ ಗ್ರಾಹಕ ಸೇವಾ ವಿಳಾಸಕ್ಕೂ ಅದೇ ಇಮೇಲಿನಲ್ಲಿ ಪ್ರತಿ ಹಾಕಿ. ಒಂದು ಪ್ರತಿ ಸ್ಪೀಡ್ ಪೋಸ್ಟಿನಲ್ಲೂ ಹೋಗಲಿ. ಕಂಪನಿಯ ಕಣ್ಣಿಗೆ ಬಿದ್ದ ದೂರಿಗೆ ಡೀಲರ್ ಉತ್ತರ ಕೊಡಲೇಬೇಕಾಗುತ್ತದೆ, ಆ ಭಯ ಅವರಿಗೆ ಚೆನ್ನಾಗಿಯೇ ಇದೆ. ಅಡ್ಜಸ್ಟ್ ಮಾಡ್ತೇವೆ, ಆಕ್ಸೆಸರೀಸ್ ತಗೊಳ್ಳಿ, ಸರ್ವಿಸಿನಲ್ಲಿ ಕಡಿಮೆ ಮಾಡ್ತೇವೆ ಅಂದರೆ ಒಪ್ಪಬೇಡಿ. ದುಡ್ಡಾಗಿ ಹೋದದ್ದು ದುಡ್ಡಾಗಿಯೇ ಬರಲಿ. ಡೆಲಿವರಿ ದಿನ ಸಹಿ ಹಾಕಿದ್ದೀರಲ್ಲ ಅಂತಲೂ ಹೇಳಬಹುದು. ಕಾರು ತಲುಪಿತು ಅಂತ ಹಾಕಿದ ಸಹಿ, ಜಾಸ್ತಿ ದುಡ್ಡು ಇಟ್ಟುಕೊಳ್ಳಿ ಅನ್ನುವ ಒಪ್ಪಿಗೆ ಅಲ್ಲ.

ಸಾಲದ ದುಡ್ಡಿನಿಂದ ಹೆಚ್ಚುವರಿ ಹೋಗಿದ್ದರೆ ನಿಮ್ಮ ಬ್ಯಾಂಕಿಗೂ ಒಂದು ಪ್ರತಿ ಕೊಡಿ. ಆ ಮೊತ್ತಕ್ಕೆ ನೀವು ಬಡ್ಡಿಯನ್ನೂ ಕಟ್ಟುತ್ತಿದ್ದೀರಿ. ಶೋರೂಮಿನವರು ಬ್ಯಾಂಕಿಗೇ ವಾಪಸ್ ಕಳಿಸಿದರೆ ಅದು ಅಸಲಿಗೆ ಜಮಾ ಆಗಿದೆಯೋ ಅಂತ ಸಾಲದ ಸ್ಟೇಟ್‌ಮೆಂಟ್ ತೆಗೆಸಿ ನೋಡಿ.

15 ದಿನ ಕಳೆದೂ ಸುಮ್ಮನಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ದೂರು ದಾಖಲಿಸಿ ಕಂಪನಿಗೆ ಕಳಿಸುತ್ತಾರೆ. ಇಷ್ಟರಲ್ಲೇ ಮುಗಿಯುವ ಪ್ರಕರಣಗಳು ಬಹಳ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಶೋರೂಮ್ ಹುಬ್ಬಳ್ಳಿಯಲ್ಲಿದೆ, ಧಾರವಾಡ ಜಿಲ್ಲೆಗೆ ಓಡಾಡಬೇಕಲ್ಲ ಅಂತ ಬಹಳ ಜನ ಇಲ್ಲಿಗೇ ಕೈಬಿಡುತ್ತಾರೆ. ಹಾಗೇನೂ ಇಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ನಮ್ಮ ಕಾರವಾರದಲ್ಲೇ. ಓಡಾಟ ಅವರಿಗೆ, ನಿಮಗಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಸರಕಿಗೆ ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ, 5ರಿಂದ 10 ಲಕ್ಷಕ್ಕೆ 200 ರೂ. ಇ-ಜಾಗೃತಿ ವೆಬ್‌ಸೈಟಿನಲ್ಲಿ ಮನೆಯಿಂದಲೇ ದಾಖಲಿಸಬಹುದು. ಎರಡು ವರ್ಷದೊಳಗೆ ಹಾಕಬೇಕು. ನಿಮ್ಮದು ಹೊಸ ಪ್ರಕರಣ, ಅವಸರವಿಲ್ಲ. ಆಯೋಗದಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತದೆ ಅನ್ನುವುದು ನಿಜ. ಆದರೆ ನೋಟಿಸ್ ಕೈಸೇರಿದ ಕೂಡಲೇ ರಾಜಿಗೆ ಬರುವ ಡೀಲರುಗಳೂ ಇದ್ದಾರೆ.

ಜಗಳ ಮಾಡಿಕೊಂಡರೆ ನಾಳೆ ಸರ್ವಿಸ್ ಸರಿಯಾಗಿ ಮಾಡುವುದಿಲ್ಲವೇನೋ ಅಂತಲೂ ಕೇಳಿದ್ದೀರಿ. ಈ ಹೆದರಿಕೆಯೇ ನಮ್ಮ ಕಡೆಯ ಜನರ ಬಾಯಿ ಕಟ್ಟುವುದು, ನನಗೆ ಬೇಜಾರಾಗುವುದೂ ಇದಕ್ಕೇ. ಕಂಪನಿಯ ಯಾವ ಅಧಿಕೃತ ಸರ್ವಿಸ್ ಸೆಂಟರಿನಲ್ಲಾದರೂ ಉಚಿತ ಸರ್ವಿಸ್ ಮಾಡಿಸಬಹುದು, ವಾರಂಟಿಯೂ ನಡೆಯುತ್ತದೆ. ಕೊಂಡ ಶೋರೂಮಿಗೇ ಹೋಗಬೇಕೆಂದಿಲ್ಲ.

ಲೆಡ್ಜರ್ ಕೈಗೆ ಬಂದ ಮೇಲೆ ಹೆಸರು, ಗಾಡಿ ನಂಬರ್ ಅಳಿಸಿ ಇಲ್ಲಿ ಹಾಕಿ. ಸಾಲು ಸಾಲಾಗಿ ನೋಡಿ ಯಾವುದು ಸರ್ಕಾರದ್ದು, ಯಾವುದು ಅವರದ್ದು ಅಂತ ಹೇಳುತ್ತೇನೆ.