ಚಟುವಟಿಕೆ ನಿಂತ ಮಾತ್ರಕ್ಕೆ ಪ್ರೋಟೀನ್ ಒಡೆದಿದೆ ಎನ್ನಬೇಡಿ

ಆರ್‌ಎನ್‌ಎ ಕತ್ತರಿಸುವ ಕಿಣ್ವವಾದ ರೈಬೋನ್ಯೂಕ್ಲಿಯೇಸಿನ ಮಡಿಕೆಯನ್ನು ಯೂರಿಯಾದಿಂದ, ಅದರ ಡೈಸಲ್ಫೈಡ್ (ಗಂಧಕ-ಗಂಧಕ) ಬಂಧಗಳನ್ನು ಮರ್‌ಕ್ಯಾಪ್ಟೋಎಥನಾಲಿನಿಂದ ಬಿಡಿಸಿ, ಆಮೇಲೆ ಡಯಾಲಿಸಿಸ್‌ನಲ್ಲಿ ಮರ್‌ಕ್ಯಾಪ್ಟೋಎಥನಾಲನ್ನು ಮೊದಲು, ಯೂರಿಯಾವನ್ನು ಆಮೇಲೆ ತೆಗೆದಿರಿ. ಕಿಣ್ವ ಕೆಲಸ ಮಾಡುತ್ತಿಲ್ಲ. ಅದು ಒಡೆದಿರಬೇಕು, ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ತಡೆಯುವ ರಾಸಾಯನಿಕ ತರಿಸಲೋ, ಕಿಣ್ವವನ್ನೇ ಬದಲಿಸಲೋ ಎಂದು ಕೇಳಿದ್ದೀರಿ. ಎರಡೂ ಬೇಡ. ಹಾಸನದಲ್ಲಿ ಎಂ.ಎಸ್ಸಿ. ಓದುವಾಗ ನಾನೂ ಇದೇ ತೀರ್ಮಾನಕ್ಕೆ ಬಂದು, ಪ್ರಾಜೆಕ್ಟಿನ ಬಹುಪಾಲು ಸಮಯವನ್ನು ಇಲ್ಲದ ಪ್ರೋಟಿಯೇಸಿನ ಹುಡುಕಾಟದಲ್ಲಿ ಕಳೆದೆ.

ಕೆಟ್ಟದ್ದು ಡಯಾಲಿಸಿಸ್ ಮಾಡಿದ ಕ್ರಮದಲ್ಲಿ. ಡಯಾಲಿಸಿಸ್ ಎಂದರೆ ದ್ರಾವಣವನ್ನು ಸಣ್ಣ ರಂಧ್ರಗಳ ಚೀಲದಲ್ಲಿ ಹಾಕಿ ಬಫರಿನಲ್ಲಿ ಮುಳುಗಿಸಿಡುವುದು; ಸಣ್ಣ ಅಣುಗಳು ಹೊರಗೆ ಹೋಗಿ, ದೊಡ್ಡ ಪ್ರೋಟೀನ್ ಒಳಗುಳಿಯುತ್ತದೆ. ಮರ್‌ಕ್ಯಾಪ್ಟೋಎಥನಾಲಿನ ದುರ್ವಾಸನೆಗೆ ಪ್ರಯೋಗಾಲಯದಲ್ಲಿ ಎಲ್ಲರೂ ಗೊಣಗುತ್ತಿದ್ದುದರಿಂದ, ಮೊದಲು ಅದು ತೊಲಗಲಿ ಎಂದು ಚೀಲವನ್ನು 8 ಮೋಲಾರ್ ಯೂರಿಯಾ ಮಾತ್ರ ಇದ್ದ ಬಫರಿನಲ್ಲಿ ರಾತ್ರಿಯಿಡೀ ಬಿಟ್ಟು, ಯೂರಿಯಾವನ್ನು ಮರುದಿನ ತೆಗೆದೆ. ಈ ಕಿಣ್ವದ 124 ಅಮೈನೋ ಆಮ್ಲಗಳ ಸರಪಳಿಯಲ್ಲಿ ಗಂಧಕವಿರುವ ಎಂಟು ಸಿಸ್ಟೀನ್‌ಗಳಿದ್ದು, ಅವು ಎರಡೆರಡಾಗಿ ಕೂಡಿ ನಾಲ್ಕು ಡೈಸಲ್ಫೈಡ್ ಬಂಧಗಳಾಗುತ್ತವೆ. ಯೂರಿಯಾ ಇರುವವರೆಗೆ ಸರಪಳಿ ಸಡಿಲವಾಗಿಯೇ ಇರುತ್ತದೆ. ಯಾವ ಸಿಸ್ಟೀನ್ ಯಾವುದರ ಪಕ್ಕಕ್ಕೆ ಬರಬೇಕೆಂದು ನಿರ್ಧರಿಸುವ ಆಕಾರ ಇನ್ನೂ ಮೂಡಿರುವುದಿಲ್ಲ. ಆ ಸ್ಥಿತಿಯಲ್ಲಿ ಮರ್‌ಕ್ಯಾಪ್ಟೋಎಥನಾಲ್ ಹೋಗಿ ಗಾಳಿಯ ಆಮ್ಲಜನಕ ತಗುಲಿದರೆ, ಸಿಸ್ಟೀನ್‌ಗಳು ಎದುರಿಗೆ ಸಿಕ್ಕ ಸಿಸ್ಟೀನಿನೊಂದಿಗೆ ಬೆಸೆದುಕೊಳ್ಳುತ್ತವೆ. ಎಂಟನ್ನು ನಾಲ್ಕು ಜೋಡಿ ಮಾಡುವ ಬಗೆಗಳು 105, ಸರಿಯಾದದ್ದು ಒಂದೇ. ಆಮೇಲೆ ಯೂರಿಯಾ ತೆಗೆದರೂ ತಪ್ಪು ಬಂಧಗಳು ಸರಪಳಿಯನ್ನು ಕಟ್ಟಿಹಾಕಿರುತ್ತವೆ, ಚಟುವಟಿಕೆ ಶೇಕಡಾ 1ರಷ್ಟು ಉಳಿದರೆ ಹೆಚ್ಚು. 1972ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಪಡೆದ ಕ್ರಿಶ್ಚಿಯನ್ ಅನ್‌ಫಿನ್‌ಸೆನ್ ಇದೇ ಕಿಣ್ವದಲ್ಲಿ ಇದನ್ನೆಲ್ಲ ತೋರಿಸಿಕೊಟ್ಟಿದ್ದರು. ಅದನ್ನು ಪರೀಕ್ಷೆಗೆಂದು ಓದಿದ್ದ ನಾನು ನನ್ನ ಚೀಲಕ್ಕೆ ಅನ್ವಯಿಸಿ ನೋಡಲಿಲ್ಲ.

ಆಕಾರ ಕೆಡುವುದು ಬೇರೆ, ಸರಪಳಿ ತುಂಡಾಗುವುದು ಬೇರೆ. ಹಸು ಕರು ಹಾಕಿದಾಗ ನಮ್ಮ ಮನೆಗಳಲ್ಲಿ ಹಬೆಯಲ್ಲಿ ಬೇಯಿಸುವ ಗಿಣ್ಣು ಗಟ್ಟಿಯಾಗುವುದು, ಹಾಲಿನ ಪ್ರೋಟೀನುಗಳು ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ. ಅವು ತುಂಡಾಗುವುದು ತಿಂದ ಮೇಲೆ, ಹೊಟ್ಟೆಯ ಪೆಪ್ಸಿನ್ ಕತ್ತರಿಸಿದಾಗ. ಜೀವಕೋಶದೊಳಗಂತೂ ಒಡೆಯುವಿಕೆ ಬಹಳ ಕಟ್ಟುನಿಟ್ಟಾದ ಕೆಲಸ: ಮಡಿಕೆ ಕೆಟ್ಟ ಪ್ರೋಟೀನಿಗೆ ಜೀವಕೋಶದ ಶಕ್ತಿಯ ಅಣುವಾದ ಎಟಿಪಿ ಖರ್ಚು ಮಾಡಿ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಗುರುತಾಗಿ ಅಂಟಿಸಿ, ಕತ್ತರಿಸುವ ಪ್ರೋಟಿಯಾಸೋಮಿಗೆ ಒಪ್ಪಿಸಲಾಗುತ್ತದೆ. ನಿಮ್ಮ ಶುದ್ಧ ಕಿಣ್ವದ ಚೀಲದಲ್ಲಿ ಈ ಯಾವ ವ್ಯವಸ್ಥೆಯೂ ಇಲ್ಲ.

ಆದ್ದರಿಂದ ಹಣ ಖರ್ಚು ಮಾಡುವ ಮುನ್ನ, ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಪಟ್ಟಿಗಳಾಗಿ ತೋರಿಸುವ ಜೆಲ್ ಓಡಿಸಿ. ಮಾದರಿಯನ್ನು ಪ್ರೋಟೀನ್ ಬಿಚ್ಚುವ ಮಾರ್ಜಕವಾದ ಎಸ್‌ಡಿಎಸ್ ಜೊತೆಗೆ ಮರ್‌ಕ್ಯಾಪ್ಟೋಎಥನಾಲ್ ಸೇರಿಸಿಯೇ ಕಾಯಿಸಬೇಕು. ಇಲ್ಲದಿದ್ದರೆ ಸರಪಳಿ ತುಂಡಾಗಿದ್ದರೂ ಡೈಸಲ್ಫೈಡ್ ಬಂಧಗಳು ತುಂಡುಗಳನ್ನು ಹಿಡಿದಿಟ್ಟುಕೊಂಡು ಇಡಿಯಾಗಿರುವಂತೆ ತೋರಿಸಬಹುದು. ಪಟ್ಟಿಯೇ ಕಾಣದಿದ್ದರೂ ಒಡೆದಿದೆ ಎನ್ನಬೇಡಿ: ಕಿಣ್ವದ ತೂಕ ಸುಮಾರು 13.7 ಕಿಲೋಡಾಲ್ಟನ್ ಮಾತ್ರ, 12ರಿಂದ 14 ಕಿಲೋಡಾಲ್ಟನ್ ಮಿತಿಯ ಸಾಮಾನ್ಯ ಚೀಲದಿಂದ ಅದು ಸೋರಿಹೋಗಬಲ್ಲದು. ಪಟ್ಟಿಯು ಪಕ್ಕದಲ್ಲಿ ಹಾಕಿದ ತಾಜಾ ಕಿಣ್ವದ ಮಟ್ಟಕ್ಕೇ ನಿಂತರೆ ಸರಪಳಿ ಇಡಿಯಾಗಿದೆ. ಆಗ ಯೂರಿಯಾ ಇಲ್ಲದ, ಪಿಎಚ್ 8ರ ಆಸುಪಾಸಿನ ಬಫರಿನಲ್ಲಿ ಮರ್‌ಕ್ಯಾಪ್ಟೋಎಥನಾಲನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿಡಿ. ತಪ್ಪು ಬಂಧಗಳು ಬಿಚ್ಚಿ, ಸರಿಯಾದ ಜೋಡಿಗಳು ಕೂಡಿಕೊಳ್ಳುತ್ತವೆ. ಅನ್‌ಫಿನ್‌ಸೆನ್ ಪ್ರಯೋಗದಲ್ಲಿ ಇದಕ್ಕೆ ಹಿಡಿದದ್ದು ಸುಮಾರು 10 ಗಂಟೆ. ಸಂಜೆ ಬೆರೆಸಿಟ್ಟರೆ ಬೆಳಿಗ್ಗೆ ಚಟುವಟಿಕೆ ಅಳೆಯಬಹುದು.